ಎಎಂ2901 ಚಿಪ್‌ಗಳಿರುವ ಹಳೇ ಬೋರ್ಡ್ ಸಿಕ್ಕಿದೆ, ಇದನ್ನು ಹೇಗೆ ಅರ್ಥ ಮಾಡಿಕೊಳ್ಳೋದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಬೆಂಗಳೂರಿನ ಎಸ್‌.ಪಿ. ರೋಡ್‌ನ ಒಂದು ಗುಜರಿ ಅಂಗಡಿಯಲ್ಲಿ ದೊಡ್ಡದೊಂದು ಹಳೇ ಬೋರ್ಡ್ ಸಿಕ್ಕಿತು. ಕಂಪನಿ ಹೆಸರು ಎಲ್ಲೂ ಇಲ್ಲ. ಸಾಲಾಗಿ ನಾಲ್ಕು 40 ಪಿನ್ ಚಿಪ್‌ಗಳಿವೆ, ನಾಲ್ಕರ ಮೇಲೂ ಎಎಂ2901ಎ ಅಂತ ಇದೆ. ಪಕ್ಕದಲ್ಲಿ ಒಂದು 2902, ಸ್ವಲ್ಪ ದೂರದಲ್ಲಿ ಒಂದು 2910. ಆಮೇಲೆ ಒಂದೇ ತರಹದ 20 ಪಿನ್ ಚಿಪ್‌ಗಳು ಏಳು, ಎಲ್ಲವೂ ಸಾಕೆಟ್‌ನಲ್ಲಿ. ಅವುಗಳ ಮೇಲೆ ಕೈಯಲ್ಲಿ ನಂಬರ್ ಬರೆದ ಚೀಟಿ ಅಂಟಿಸಿದ್ದಾರೆ. ಚೀಟಿ ಅಂಚಿನಲ್ಲಿ 27ಎಸ್29 ಅಂತ ಕಾಣುತ್ತದೆ.

2901 ಅಂದರೆ ನಾಲ್ಕು ಬಿಟ್‌ನ ಪ್ರೊಸೆಸರ್ ಅಂತ ಓದಿದೆ. ಹಾಗಾದರೆ ಇದರ ಮೇಲೆ ನಾಲ್ಕು ಪ್ರೊಸೆಸರ್ ಇದೆ ಅಂತ ಅರ್ಥವಾ? ಇಂಟೆಲ್ 4004 ಅನ್ನುವ ಒಂಟಿ ಚಿಪ್ ಪ್ರೊಸೆಸರ್ ತರಹ ಒಂದನ್ನು ಬಿಚ್ಚಿ ಬ್ರೆಡ್‌ಬೋರ್ಡ್‌ನಲ್ಲಿ ಹಾಕಿ ಪ್ರೋಗ್ರಾಂ ಓಡಿಸಬಹುದಾ? ಸಣ್ಣ ಚಿಪ್‌ಗಳು ಮೆಮೊರಿ ಇರಬೇಕು. ಅವನ್ನು ತೆಗೆದು ಬೇರೆ ಪ್ರಾಜೆಕ್ಟ್‌ಗೆ ಬಳಸೋಣ ಅಂತಿದ್ದೇನೆ.

ಹಳೆಯಂತ್ರ

ದಯವಿಟ್ಟು ಆ ಏಳು ಸಣ್ಣ ಚಿಪ್‌ಗಳನ್ನು ಮುಟ್ಟಬೇಡಿ. ಅವು ಪ್ರೋಮ್‌ಗಳು, ಒಮ್ಮೆ ಬರೆದರೆ ಅಳಿಸಲಾಗದ ಮೆಮೊರಿ. ಬೋರ್ಡ್‌ನಲ್ಲಿ ಬೆಲೆಬಾಳುವ ವಸ್ತು ಅವೇ. 2901 ಹಾಳಾದರೆ ಇನ್ನೊಂದು ಹುಡುಕಬಹುದು. ಆ ಪ್ರೋಮ್‌ಗಳಲ್ಲಿ ಬರೆದಿರುವುದು ಇನ್ನೆಲ್ಲೂ ಇಲ್ಲದಿರಬಹುದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾಲ್ಕು ಪ್ರೊಸೆಸರ್ ಅಲ್ಲ, ನಾಲ್ಕೂ ಸೇರಿ 16 ಬಿಟ್‌ನ ಒಂದು ಪ್ರೊಸೆಸರ್. ಅದೂ ಅರ್ಧ ಮಾತ್ರ. 2901 ಒಳಗೆ ಪ್ರೋಗ್ರಾಂ ಕೌಂಟರ್ ಅಂತ ಬೇರೆ ಇಲ್ಲ. ಇನ್‌ಸ್ಟ್ರಕ್ಷನ್ ಓದಿ ಬಿಡಿಸುವ ಭಾಗವೂ ಇಲ್ಲ. ಇರೋದು ಸಂಖ್ಯೆ ಹಿಡಿದಿಡುವ 16 ರಿಜಿಸ್ಟರ್, ಕ್ಯೂ ಅನ್ನುವ ಇನ್ನೊಂದು ರಿಜಿಸ್ಟರ್, ಕೂಡುವ ಕಳೆಯುವ ಕೆಲಸದ ಒಂದು ಎಎಲ್‌ಯು, ಒಂದು ಸ್ಥಾನ ಆಚೆ ಈಚೆ ಸರಿಸುವ ಶಿಫ್ಟರ್. ಎಲ್ಲವೂ ನಾಲ್ಕು ಬಿಟ್ ಅಗಲ. ಪಕ್ಕಪಕ್ಕ ನಾಲ್ಕು ಇಟ್ಟು ಕ್ಯಾರಿ (ಕೂಡುವಾಗ ಮುಂದಿನ ಸ್ಥಾನಕ್ಕೆ ಹೋಗುವ ಅಂಕಿ) ಮತ್ತು ಶಿಫ್ಟ್ ತಂತಿಗಳನ್ನು ಜೋಡಿಸಿದರೆ 16 ಬಿಟ್, ಎಂಟು ಇಟ್ಟರೆ 32. ಇದನ್ನು ಬಿಟ್-ಸ್ಲೈಸ್, ಒಂದೊಂದು ಚಿಪ್ಪನ್ನು ಸ್ಲೈಸ್ ಅನ್ನೋದು ಅದಕ್ಕೇ.

ಯಾವಾಗ ಏನು ಮಾಡಬೇಕು ಅಂತ ಹೇಳೋದು ಹೊರಗಿನ ಮೈಕ್ರೋಕೋಡ್, ಅಂದರೆ ಪ್ರತಿ ಕ್ಲಾಕ್‌ಗೂ ಚಿಪ್‌ಗಳಿಗೆ ಕೊಡುವ ಆದೇಶಗಳ ಪಟ್ಟಿ. ಅದು ಇರೋದು ನಿಮ್ಮ ಏಳು ಪ್ರೋಮ್‌ಗಳಲ್ಲಿ. 27ಎಸ್29 ಅಂದರೆ 512 ಸಾಲು, ಸಾಲಿಗೆ 8 ಬಿಟ್. ಏಳೂ ಒಟ್ಟಿಗೆ ಓದಿದರೆ 56 ಬಿಟ್ ಅಗಲದ ಒಂದೊಂದು ಮೈಕ್ರೋ ಸೂಚನೆ ಸಿಗುತ್ತದೆ. ಮುಂದಿನ ಸಾಲು ಯಾವುದು ಅಂತ ತೀರ್ಮಾನ ಮಾಡೋದು 2910.

80ರ ದಶಕದಲ್ಲಿ ನಾನು ಬೆಂಗಳೂರಿನಲ್ಲಿ ಇಂಥದ್ದೇ ಬೋರ್ಡ್‌ಗಳಿಗೆ ಮೈಕ್ರೋಕೋಡ್ ಬರೆಯುತ್ತಿದ್ದೆ. ಆ ಪ್ರಾಜೆಕ್ಟ್ ಮುಗಿದ ಮೇಲೆ ಬೋರ್ಡ್‌ಗಳು ಸ್ಟೋರ್‌ನಿಂದ ನೇರ ಗುಜರಿಗೆ ಹೋದವು. ಲಿಸ್ಟಿಂಗ್‌ಗಳನ್ನು ಯಾರೂ ಎತ್ತಿಡಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರೋದು.

ವೆರಿಲಾಗ್‌ಮನೆ

ಹಳೆಯಂತ್ರ ಸರ್, ನಾನು ದಿನವೂ ಎಫ್‌ಪಿಜಿಎ (ಬೇಕಾದ ಸರ್ಕಿಟ್ ಅನ್ನು ನಾವೇ ಬರೆದು ತುಂಬಬಹುದಾದ ಚಿಪ್) ಮೇಲೆ ಕೆಲಸ ಮಾಡುವವಳು. 2901ರ ಚಿತ್ರ ಪುಸ್ತಕದಲ್ಲಿ ನೋಡಿದ್ದೇನೆ ಅಷ್ಟೆ. ಕೈಯಾರೆ ಬಳಸಿದವರು ಸಿಗೋದು ಅಪರೂಪ. ಒಂದು ಸೂಚನೆ ಹೇಗೆ ಓಡುತ್ತದೆ ಅಂತ ಬಿಡಿಸಿ ಹೇಳ್ತೀರಾ? ತುಂಗಾತೀರ ಅವರಿಗೂ ಉಪಯೋಗ ಆಗುತ್ತದೆ.

ಹಳೆಯಂತ್ರ

ಖಂಡಿತ ಮೇಡಂ. ಇದನ್ನು ಕೇಳುವವರಿದ್ದಾರೆ ಅನ್ನೋದೇ ಖುಷಿ.

2901ಕ್ಕೆ ಆದೇಶ ಕೊಡುವ ಪಿನ್‌ಗಳು ಒಂಬತ್ತು, ಐ0ರಿಂದ ಐ8. ಮೂರು ಮೂರಾಗಿ ಓದಬೇಕು. ಕೆಳಗಿನ ಮೂರು ಬಿಟ್, ಎಎಲ್‌ಯುಗೆ ಯಾವ ಎರಡು ಸಂಖ್ಯೆ ಹೋಗಬೇಕು ಅಂತ ಹೇಳುತ್ತವೆ. ನಡುವಿನ ಮೂರು, ಕೂಡಬೇಕಾ, ಕಳೆಯಬೇಕಾ, ಆ್ಯಂಡ್ ಮಾಡಬೇಕಾ ಅಂತ. ಮೇಲಿನ ಮೂರು, ಉತ್ತರ ಎಲ್ಲಿಗೆ ಹೋಗಬೇಕು, ಹೋಗುವಾಗ ಸರಿಯಬೇಕಾ ಅಂತ. ಹಾಗಾಗಿ ನಾವೆಲ್ಲ ಆಕ್ಟಲ್‌ನಲ್ಲೇ, ಅಂದರೆ ಮೂರು ಬಿಟ್‌ಗೆ ಒಂದು ಅಂಕಿಯಂತೆ, ಮಾತಾಡುತ್ತಿದ್ದೆವು. ಮೂರು ಅಂಕಿ ಹೇಳಿದರೆ ಎದುರಿಗಿದ್ದವರಿಗೆ ಇಡೀ ಕೆಲಸ ಗೊತ್ತಾಗುತ್ತಿತ್ತು.

ಐದನೇ ರಿಜಿಸ್ಟರ್‌ಗೆ ಮೂರನೆಯದನ್ನು ಕೂಡಬೇಕು ಅಂದುಕೊಳ್ಳಿ. ಎ ವಿಳಾಸಕ್ಕೆ 3, ಬಿ ವಿಳಾಸಕ್ಕೆ 5 ಕೊಡಿ. ಆದೇಶ 301. ಕೊನೆಯ 1 ಅಂದರೆ ಎ ಮತ್ತು ಬಿ ಎರಡನ್ನೂ ತಗೋ, ನಡುವಿನ 0 ಅಂದರೆ ಕೂಡು, ಮೊದಲ 3 ಅಂದರೆ ಉತ್ತರವನ್ನು ಬಿ ಹೇಳಿದ ರಿಜಿಸ್ಟರ್‌ಗೆ ಬರೆ. ಕ್ಯಾರಿ ಇನ್ ಸೊನ್ನೆ ಇರಬೇಕು. ಕಳೆಯಬೇಕಾದರೆ 311, ಆಗ ಕ್ಯಾರಿ ಇನ್ ಒಂದು ಇರಬೇಕು, ಇಲ್ಲದಿದ್ದರೆ ಉತ್ತರ ಒಂದು ಕಡಿಮೆ ಬರುತ್ತದೆ. ರಿಜಿಸ್ಟರ್ ಸೊನ್ನೆ ಮಾಡಬೇಕಾ? 343 ಕೊಡಿ, ಸೊನ್ನೆಗೂ ಬಿಗೂ ಆ್ಯಂಡ್.

ಎರಡು ರಿಜಿಸ್ಟರ್ ಓದಿ, ಕೂಡಿ, ವಾಪಸ್ ಬರೆಯೋದು, ಇಷ್ಟೂ ಒಂದೇ ಕ್ಲಾಕ್‌ನಲ್ಲಿ ಮುಗಿಯುತ್ತದೆ. ಕ್ಲಾಕ್ ಮೇಲಿದ್ದಾಗ ಎ, ಬಿ ಲ್ಯಾಚ್‌ಗಳು ತೆರೆದಿರುತ್ತವೆ, ರಿಜಿಸ್ಟರ್‌ನ ಬೆಲೆ ಎಎಲ್‌ಯುಗೆ ಹರಿಯುತ್ತದೆ. ಕ್ಲಾಕ್ ಕೆಳಗಿಳಿದಾಗ ಲ್ಯಾಚ್ ಮುಚ್ಚಿಕೊಂಡು ಹಳೇ ಬೆಲೆ ಹಿಡಿದಿಡುತ್ತದೆ, ಆಗಲೇ ಹೊಸ ಬೆಲೆ ಅದೇ ರಿಜಿಸ್ಟರ್‌ಗೆ ಬರೆದುಹೋಗುತ್ತದೆ. ಆ ಲ್ಯಾಚ್ ಇಲ್ಲದಿದ್ದರೆ ಬರೆದದ್ದು ಮತ್ತೆ ಎಎಲ್‌ಯುಗೆ ಓಡಿ ಸುತ್ತಿಕೊಳ್ಳುತ್ತಿತ್ತು. ಕ್ಲಾಕ್ ಕೆಳಗಿರುವಷ್ಟು ಹೊತ್ತೂ ಬಿ ವಿಳಾಸ ಅಲುಗಾಡಬಾರದು. ನಮ್ಮಲ್ಲಿ ಬೋರ್ಡ್ ತೊಂದರೆ ಕೊಟ್ಟರೆ ಸ್ಕೋಪ್ ಪ್ರೋಬ್ ಮೊದಲು ಅಲ್ಲಿಗೇ ಹೋಗುತ್ತಿತ್ತು.

ಇನ್ನು 2902. ನಾಲ್ಕು ಸ್ಲೈಸ್‌ಗಳಲ್ಲಿ ಕ್ಯಾರಿ ಒಂದರಿಂದ ಒಂದಕ್ಕೆ ದಾಟುತ್ತಾ ಹೋದರೆ ಕೊನೆಯ ಸ್ಲೈಸ್ ಸುಮ್ನೆ ಕಾಯುತ್ತಾ ಕೂರಬೇಕು. ಅದಕ್ಕೆ ಪ್ರತಿ ಸ್ಲೈಸೂ ಜಿ ಮತ್ತು ಪಿ ಅನ್ನುವ ಎರಡು ಸಂಕೇತ ಹೊರಗೆ ಕೊಡುತ್ತದೆ. ನಾನೇ ಕ್ಯಾರಿ ಹುಟ್ಟಿಸುತ್ತೇನೆ ಅನ್ನೋದು ಒಂದು, ನನಗೆ ಬಂದದ್ದನ್ನು ಮುಂದೆ ದಾಟಿಸುತ್ತೇನೆ ಅನ್ನೋದು ಇನ್ನೊಂದು. 2902 ಇವನ್ನು ನೋಡಿ ಎಲ್ಲರ ಕ್ಯಾರಿಯನ್ನೂ ಒಟ್ಟಿಗೆ ಲೆಕ್ಕ ಹಾಕಿ ಕೊಡುತ್ತದೆ.

ವೆರಿಲಾಗ್‌ಮನೆ

ಬಹಳ ಚೆನ್ನಾಗಿ ಹೇಳಿದಿರಿ ಸರ್. ಗುಣಾಕಾರ ಹೇಗೆ? ಒಳಗೆ ಗುಣಿಸುವ ಸರ್ಕಿಟ್ ಇಲ್ಲ ಅಲ್ವಾ?

ಹಳೆಯಂತ್ರ

ಇಲ್ಲ. ಆದರೆ ಇದರ ವಿನ್ಯಾಸ ಮಾಡಿದವರ ಜಾಣತನ ಕಾಣೋದು ಇಲ್ಲೇ.

ಗುಣಕವನ್ನು ಕ್ಯೂನಲ್ಲಿ ಇಡಿ. ಗುಣ್ಯ ಎ ರಿಜಿಸ್ಟರ್‌ನಲ್ಲಿ, ಸೊನ್ನೆ ಮಾಡಿದ ಮೊತ್ತ ಬಿ ರಿಜಿಸ್ಟರ್‌ನಲ್ಲಿ. ಪ್ರತಿ ಹೆಜ್ಜೆಗೂ ಕ್ಯೂನ ಕಡೇ ಬಿಟ್ ನೋಡಬೇಕು. ಒಂದಿದ್ದರೆ ಎ ಅನ್ನು ಬಿಗೆ ಕೂಡು, ಸೊನ್ನೆ ಇದ್ದರೆ ಏನೂ ಕೂಡಬೇಡ. ಆಮೇಲೆ ಬಿ ಮತ್ತು ಕ್ಯೂ ಎರಡನ್ನೂ ಒಂದೊಂದು ಸ್ಥಾನ ಬಲಕ್ಕೆ ಸರಿಸು, ಬಿಯಿಂದ ಉದುರಿದ ಬಿಟ್ ಕ್ಯೂನ ಮೇಲ್ತುದಿಗೆ ಹೋಗಲಿ. ಕೂಡುವ ಆದೇಶ 401. ಕೂಡದಿರುವ ಆದೇಶ 403, ಅಂದರೆ ಸೊನ್ನೆಯನ್ನು ಬಿಗೆ ಕೂಡು. ಎರಡಕ್ಕೂ ಇರುವ ವ್ಯತ್ಯಾಸ ಐ1 ಅನ್ನುವ ಒಂದೇ ತಂತಿ. ಆ ತಂತಿಗೆ ಕ್ಯೂನ ಕಡೇ ಬಿಟ್ ಅನ್ನು ತಿರುಗುಮುರುಗು ಮಾಡಿ ಕೊಟ್ಟುಬಿಟ್ಟರೆ ಮುಗೀತು. ಪರೀಕ್ಷೆ ಮಾಡಿ ಕವಲೊಡೆಯುವ ಗೋಜೇ ಇಲ್ಲ. ಕೂಡೋದು, ಎರಡು ಶಿಫ್ಟ್, ಎಲ್ಲವೂ ಒಂದೇ ಕ್ಲಾಕ್.

16 ಬಿಟ್‌ಗೆ ಇದನ್ನು 16 ಸಲ ಮಾಡಬೇಕು. 2910 ಒಳಗೆ 12 ಬಿಟ್‌ನ ಕೌಂಟರ್ ಇದೆ. ಅದಕ್ಕೆ 15 ತುಂಬಿ, ಅದೇ ಸಾಲಿನಲ್ಲಿ ಆರ್‌ಪಿಸಿಟಿ ಅನ್ನುವ ಆದೇಶ, ಅಂದರೆ 9, ಕೊಟ್ಟರೆ ಆ ಒಂದೇ ಸಾಲು 16 ಸಲ ಓಡುತ್ತದೆ.

ವೇಗ ನೋಡಿ. 200 ನ್ಯಾನೋಸೆಕೆಂಡ್ ಕ್ಲಾಕ್ ಹಿಡಿದರೂ 16 ಹೆಜ್ಜೆಗೆ 3.2 ಮೈಕ್ರೋಸೆಕೆಂಡ್. 1978ರ ಇಂಟೆಲ್ 8086 ಇದೇ ಗುಣಾಕಾರಕ್ಕೆ 118ರಿಂದ 133 ಕ್ಲಾಕ್ ತಗೊಳ್ಳುತ್ತಿತ್ತು. 5 ಮೆಗಾಹರ್ಟ್ಸ್‌ನಲ್ಲಿ 24 ಮೈಕ್ರೋಸೆಕೆಂಡ್ ಆಸುಪಾಸು. ಸಿಗ್ನಲ್ ಪ್ರೊಸೆಸಿಂಗ್ ಮಾಡುವ ನಮ್ಮಂಥವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಸನ್ನಿವೇಲ್‌ಕನ್ನಡಿಗ

ಈ ಚರ್ಚೆ ನೋಡಿ ತಡೆಯಲಾಗಲಿಲ್ಲ. ಕೆಲಸದ ಮೇಲೆ ಬಂದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲೇ ನೆಲೆಸಿದವನು ನಾನು. 2901 ತಂದ ಎಎಂಡಿ ಕಂಪನಿ ಬೆಳೆದ ಊರಿದು. ಇತಿಹಾಸದ ಒಂದೆರಡು ಮಾತು ಸೇರಿಸುತ್ತೇನೆ.

2900 ಕುಟುಂಬ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಇದೇ ಮೊದಲು ಅಲ್ಲ. ನ್ಯಾಷನಲ್ ಸೆಮಿಕಂಡಕ್ಟರ್‌ನವರ ಐಎಂಪಿ-16 ಎರಡು ವರ್ಷ ಮುಂಚೆಯೇ ಬಂದಿತ್ತು. ನಾಲ್ಕು ಬಿಟ್‌ನ ನಾಲ್ಕು ಚಿಪ್ ಜೊತೆಗೆ ಮೈಕ್ರೋಕೋಡ್‌ನ ಒಂದು ಚಿಪ್. ಆದರೆ ಅದು ಪಿಮಾಸ್ ಅನ್ನುವ ತಯಾರಿಕಾ ವಿಧಾನದ್ದು, ನಿಧಾನ. 1974ರಲ್ಲಿ ಇಂಟೆಲ್ 3000 ಸರಣಿ ತಂದಿತು, ಇದು ಬೈಪೋಲಾರ್ ಅನ್ನುವ ಬೇರೆ ವಿಧಾನದ್ದು, ವೇಗವಾಗಿತ್ತು. ಆದರೆ ಇಂಟೆಲ್‌ನ 3002 ಚಿಪ್‌ನಲ್ಲಿ ಎರಡೇ ಬಿಟ್. 16 ಬಿಟ್‌ಗೆ ಎಂಟು ಚಿಪ್ ಬೇಕು. ಅದರ ಸೀಕ್ವೆನ್ಸರ್, ಅಂದರೆ ಮುಂದಿನ ಸಾಲು ಆರಿಸುವ ಚಿಪ್, 3001 ಇನ್ನೂ ತಲೆನೋವು. ಮೈಕ್ರೋಕೋಡ್‌ನ 512 ಸಾಲುಗಳನ್ನು 32 ಅಡ್ಡಸಾಲು, 16 ಕಂಬಸಾಲಿನ ಚೌಕಳಿಯಾಗಿ ನೋಡಬೇಕು. ಇದ್ದ ಜಾಗದಿಂದ ಎಲ್ಲಿಗೆ ಬೇಕಾದರೂ ಹಾರಲು ಬಿಡುತ್ತಿರಲಿಲ್ಲ. ಬರೆಯುವವರು ಪ್ರತಿ ಸಾಲನ್ನೂ ಎಲ್ಲಿ ಇಡಬೇಕು ಅಂತ ಚೌಕಳಿ ಹಾಳೆ ಹಿಡಿದು ಕೂರಬೇಕಿತ್ತು.

ಎಎಂಡಿ ಈ ಎರಡನ್ನೂ ಸರಿಮಾಡಿತು. ನಾಲ್ಕು ಬಿಟ್, ಒಟ್ಟಿಗೆ ಎರಡನ್ನು ಓದಬಲ್ಲ ಎರಡು ಬಾಗಿಲಿನ 16 ರಿಜಿಸ್ಟರ್, ಮತ್ತು ಆಮೇಲೆ ಬಂದ 2910ರಲ್ಲಿ 4096 ಸಾಲುಗಳಲ್ಲಿ ಎಲ್ಲಿಗೆ ಬೇಕೋ ಅಲ್ಲಿಗೆ ಜಿಗಿತ. ಮೊಟೊರೋಲಾ, ನ್ಯಾಷನಲ್, ರೇಥಿಯಾನ್ ಕೂಡ 2901 ತಯಾರಿಸಿದವು. ಸೋವಿಯತ್ ಒಕ್ಕೂಟದಲ್ಲಿ ಕೆ1804 ಅನ್ನುವ ಹೆಸರಿನಲ್ಲಿ ಇಡೀ ಕುಟುಂಬದ ಪ್ರತಿ ಬಂತು.

ತುಂಗಾತೀರ

ಹಾಗಾದರೆ ಯಾವ ಯಾವ ಕಂಪ್ಯೂಟರ್‌ಗಳಲ್ಲಿ ಇದು ಇತ್ತು? ನನ್ನ ಬೋರ್ಡ್ ಯಾವುದರದ್ದು ಅಂತ ಊಹೆ ಮಾಡಬಹುದಾ?

ಸನ್ನಿವೇಲ್‌ಕನ್ನಡಿಗ

ಎಷ್ಟೋ ಕಡೆ ಇತ್ತು. ಡೆಕ್ ಕಂಪನಿಯ 36 ಬಿಟ್‌ನ ಕೆಎಸ್10 ಪ್ರೊಸೆಸರ್‌ನಲ್ಲಿ ಹತ್ತು 2901. ಅವರದ್ದೇ ವ್ಯಾಕ್ಸ್-11/730ರಲ್ಲಿ ಎಂಟು. ಡೇಟಾ ಜನರಲ್‌ನ ನೋವಾ 4ರಲ್ಲಿ ನಾಲ್ಕು. 1981ರ ಝೆರಾಕ್ಸ್ ಸ್ಟಾರ್‌ನಲ್ಲೂ ನಾಲ್ಕು. ಕಿಟಕಿ, ಐಕಾನ್, ಮೌಸ್ ಇದ್ದ ಆಫೀಸ್ ಕಂಪ್ಯೂಟರ್ ಅದು. ಅದರ ಪ್ರೊಸೆಸರ್ 137 ನ್ಯಾನೋಸೆಕೆಂಡ್‌ಗೆ ಒಂದು ಮೈಕ್ರೋ ಸೂಚನೆ ಮುಗಿಸುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲಿಲಿತ್ ಅನ್ನುವ ಕಂಪ್ಯೂಟರ್. ಸ್ವಿಟ್ಜರ್ಲೆಂಡ್‌ನ ಝೂರಿಕ್‌ನಲ್ಲಿ ಇಟಿಎಚ್ ವಿಶ್ವವಿದ್ಯಾಲಯದ ನಿಕ್ಲಾಸ್ ವಿರ್ಟ್ ಮತ್ತು ತಂಡ ಕಟ್ಟಿದ್ದು. ವಿರ್ಟ್ ಮೊದಲು ಮಾಡ್ಯುಲಾ-2 ಭಾಷೆ ರೂಪಿಸಿದರು. ಆ ಭಾಷೆಯ ಕಂಪೈಲರ್‌ಗೆ ಹೊಂದುವ ಎಂ-ಕೋಡ್ ಅನ್ನುವ ಸೂಚನೆಗಳನ್ನು ಗೊತ್ತುಮಾಡಿಕೊಂಡರು. ಅವನ್ನು 2901ರ ಮೇಲೆ ಮೈಕ್ರೋಕೋಡ್‌ನಲ್ಲಿ ಬರೆದರು. ಭಾಷೆಗೆ ತಕ್ಕ ಯಂತ್ರ. ಇದ್ದ ಪ್ರೊಸೆಸರ್‌ಗೆ ಭಾಷೆಯನ್ನು ಬಗ್ಗಿಸುವ ಕೆಲಸವೇ ಇರಲಿಲ್ಲ. ಬಿಟ್-ಸ್ಲೈಸ್ ಯಾಕೆ ಬೇಕಿತ್ತು ಅಂತ ಕೇಳಿದರೆ ನಾನು ಕೊಡುವ ಉತ್ತರ ಇದೊಂದೇ.

ಅಟಾರಿಯ 1980ರ ಬ್ಯಾಟಲ್‌ಝೋನ್ ಆಟದ ಪೆಟ್ಟಿಗೆಯಲ್ಲೂ ನಾಲ್ಕು 2901 ಇದ್ದವು. 6502 ಅನ್ನುವ ಪ್ರೊಸೆಸರ್ ಆಟ ನಡೆಸುತ್ತಿತ್ತು, ಟ್ಯಾಂಕ್‌ಗಳನ್ನು ಮೂರು ಆಯಾಮದಲ್ಲಿ ತಿರುಗಿಸುವ ಲೆಕ್ಕ ಈ ನಾಲ್ಕು ಮಾಡುತ್ತಿದ್ದವು.

ನಿಮ್ಮದು ಯಾವುದರದ್ದು ಅಂತ ಬರೀ 2901 ನೋಡಿ ಹೇಳಲಾಗದು. ಪ್ರೋಮ್ ಓದಿದರೆ ಮಾತ್ರ ದಾರಿ ಕಾಣುತ್ತದೆ.

ಗಡಿಯಾರಪಲ್ಲಟ

ಇಷ್ಟು ಚೆನ್ನಾಗಿದ್ದರೆ ಯಾಕೆ ಹೋಯಿತು? ಒಂದು 2901ಕ್ಕೇ ಒಂದು ವ್ಯಾಟ್ ಹತ್ತಿರ ಬೇಕು. ಪ್ರೊಸೆಸರ್ ಅಂದರೆ ಒಂದು ಬೋರ್ಡ್ ತುಂಬ ಚಿಪ್. 1979ರಲ್ಲಿ ಮೊಟೊರೋಲಾದ ಒಂಟಿ ಚಿಪ್ ಪ್ರೊಸೆಸರ್ 68000 ಬಂದ ಮೇಲೆ ಯಾರಿಗೆ ಬೇಕು ಈ ಕಷ್ಟ? ಬೇರೆ ದಾರಿ ಇಲ್ಲದ ಕಾಲದ ತಾತ್ಕಾಲಿಕ ಉಪಾಯ ಇದು ಅನ್ನೋದು ನನ್ನ ಅನಿಸಿಕೆ. ಆಮೇಲೆ ಎಎಂಡಿಯೇ 29000 ಅಂತ ಮುಂದಿನ ಬಿಟ್-ಸ್ಲೈಸ್ ತಂದಿತಲ್ಲ, ಅದೂ ನಿಲ್ಲಲಿಲ್ಲ.

ಹಳೆಯಂತ್ರ

29000 ಬಿಟ್-ಸ್ಲೈಸ್ ಅಲ್ಲ. ಅದು 80ರ ದಶಕದ ಕೊನೆಯಲ್ಲಿ ಬಂದ 32 ಬಿಟ್‌ನ ಒಂಟಿ ಚಿಪ್ ರಿಸ್ಕ್ (ಸರಳ ಸೂಚನೆಗಳ) ಪ್ರೊಸೆಸರ್. ಹೆಸರು ಮಾತ್ರ ಹತ್ತಿರ.

ಬಿಸಿಯ ಬಗ್ಗೆ ನೀವು ಹೇಳಿದ್ದು ನಿಜ. ನಮ್ಮ ರ‍್ಯಾಕ್‌ನಲ್ಲಿ ಫ್ಯಾನ್ ನಿಂತರೆ ಕೆಲಸವೂ ನಿಲ್ಲುತ್ತಿತ್ತು. ಆದರೆ 68000 ಬಂದ ತಕ್ಷಣ ಬಿಟ್-ಸ್ಲೈಸ್ ಮುಗಿಯಲಿಲ್ಲ. ಮೇಲೆ ಹೇಳಿದ ವ್ಯಾಕ್ಸ್-11/730 ಬಂದದ್ದು 1982ರಲ್ಲಿ, 68000 ಬಂದು ಮೂರು ವರ್ಷದ ಮೇಲೆ. ಈಗಾಗಲೇ ಒಂದು ಯಂತ್ರಕ್ಕೆ ಸಾಫ್ಟ್‌ವೇರ್ ಬರೆದಿಟ್ಟ ಗ್ರಾಹಕರಿಗೆ ಅದೇ ಸೂಚನೆಗಳನ್ನು ಓಡಿಸುವ ಹೊಸ ಯಂತ್ರ ಬೇಕು. 68000 ಅದನ್ನು ಕೊಡಲಾರದು. ಮೈಕ್ರೋಕೋಡ್ ಕೊಡುತ್ತದೆ.

ನಮ್ಮ ಕೆಲಸಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್32010, ಸಿಗ್ನಲ್ ಪ್ರೊಸೆಸಿಂಗ್‌ಗೆಂದೇ ಮಾಡಿದ ಒಂಟಿ ಚಿಪ್. 16 ಬಿಟ್ ಗುಣಾಕಾರ 200 ನ್ಯಾನೋಸೆಕೆಂಡ್‌ನ ಒಂದೇ ಸುತ್ತಿನಲ್ಲಿ. ನಾನು ಹೆಮ್ಮೆಯಿಂದ ಹೇಳಿದ 3.2 ಮೈಕ್ರೋಸೆಕೆಂಡ್ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಬೇಕಾದ ಸರ್ಕಿಟ್ ಅನ್ನು ಒಂದೇ ಚಿಪ್‌ನಲ್ಲಿ ಮಾಡಿಸಿಕೊಳ್ಳುವ ಗೇಟ್ ಅರೇಗಳು ಇನ್ನೊಂದು ಕಡೆಯಿಂದ ಬಂದವು.

ತಾತ್ಕಾಲಿಕ ಉಪಾಯ ಅನ್ನೋದನ್ನು ಮಾತ್ರ ಒಪ್ಪಲಾರೆ. ಕೆಲವೇ ಜನರ ತಂಡ, ತಮ್ಮದೇ ಸೂಚನೆಗಳಿರುವ ಕಂಪ್ಯೂಟರ್ ಅನ್ನು, ಚಿಪ್ ಕಾರ್ಖಾನೆಯ ಬಾಗಿಲು ತಟ್ಟದೆ ಕಟ್ಟಬಹುದಿತ್ತು. ಅದಾದ ಮೇಲೆ ಆ ಸ್ವಾತಂತ್ರ್ಯ ಮತ್ತೆ ಸಿಕ್ಕಿದ್ದು ಎಫ್‌ಪಿಜಿಎ ದೊಡ್ಡದಾದ ಮೇಲೆಯೇ.

ವೆರಿಲಾಗ್‌ಮನೆ

ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇದೆ ಸರ್. ನಾವು ಇವತ್ತು ಮಾಡೋದೂ ಅದನ್ನೇ.

ತುಂಗಾತೀರ, ಪ್ರೋಮ್ ಓದೋದು ಕಷ್ಟ ಏನಲ್ಲ. 27ಎಸ್29ಕ್ಕೆ ವಿಳಾಸದ ಪಿನ್ ಒಂಬತ್ತು, ಡೇಟಾ ಎಂಟು, ಒಂದು ಎನೇಬಲ್, 5 ವೋಲ್ಟ್ ಮತ್ತು ಗ್ರೌಂಡ್. 20 ಪಿನ್ ಮುಗೀತು. ಆರ್ಡುಯಿನೋ ಮೆಗಾ ಸಾಕು. ಇದು ಫ್ಯೂಸ್ ಸುಟ್ಟು ಬರೆಯುವ ಪ್ರೋಮ್, ಓದಲು ಬರೀ 5 ವೋಲ್ಟ್. ತೆಗೆಯುವ ಮುಂಚೆ ಬೋರ್ಡ್‌ನ ಫೋಟೋ ತೆಗೆಯಿರಿ, ಯಾವುದು ಯಾವ ಸಾಕೆಟ್‌ನಲ್ಲಿತ್ತು ಅಂತ ಚೀಟಿ ನಂಬರ್ ಸಮೇತ ಬರೆದಿಡಿ. ಪ್ರತಿಯೊಂದನ್ನೂ ಎರಡು ಸಲ ಓದಿ ಹೋಲಿಸಿ. ಇಡೀ ಬೋರ್ಡ್‌ಗೆ ಈಗಲೇ ಕರೆಂಟ್ ಕೊಡಬೇಡಿ. ಹಳೇ ಟ್ಯಾಂಟಲಮ್ ಕೆಪಾಸಿಟರ್‌ಗಳನ್ನು ನಂಬಲಾಗದು.

ಹಳೆಯಂತ್ರ

ಇದಕ್ಕೆ ಒಂದು ಸೇರಿಸುತ್ತೇನೆ. ಓದಿದ ಮೇಲೆ 56 ಬಿಟ್‌ನಲ್ಲಿ ಯಾವುದು ಏನು ಅಂತ ಗೊತ್ತಾಗಬೇಕಲ್ಲ. 2910ರ ನಾಲ್ಕು ಆದೇಶ ಪಿನ್‌ಗಳಿಂದ ಮಲ್ಟಿಮೀಟರ್ ಹಿಡಿದು ಹಿಂದಕ್ಕೆ ಹೋಗಿ. ನಡುವೆ ಒಂದು ರಿಜಿಸ್ಟರ್ ಚಿಪ್ ಸಿಗುತ್ತದೆ, ಅದನ್ನು ದಾಟಿದರೆ ಪ್ರೋಮ್. ಆ ನಾಲ್ಕು ಬಿಟ್‌ಗಳಲ್ಲಿ ಹೆಚ್ಚಿನ ಸಾಲುಗಳಲ್ಲಿ 1110 ಕಾಣಬೇಕು. ಅದು 14, ಸುಮ್ನೆ ಮುಂದಿನ ಸಾಲಿಗೆ ಹೋಗು ಅಂತ. ಅದು ಕಂಡರೆ ತಂತಿ ಸರಿಯಾಗಿ ಹಿಡಿದಿದ್ದೀರಿ. ಆಮೇಲೆ 2901ರ ಒಂಬತ್ತು ಬಿಟ್ ಇದೇ ರೀತಿ ಹುಡುಕಿ, ಆಕ್ಟಲ್‌ನಲ್ಲಿ ಬರೆದುಕೊಳ್ಳಿ. ಒಂದು 2901 ಮಾತ್ರ ಪರೀಕ್ಷೆ ಮಾಡುವ ಆಸೆ ಇದ್ದರೆ ಅದೂ ಸುಲಭ. 337 ಕೊಟ್ಟು ಒಂದು ಕ್ಲಾಕ್ ಒತ್ತಿದರೆ ಒಳಬರುವ ಡಿ ಪಿನ್‌ಗಳ ಬೆಲೆ ಬಿ ಹೇಳಿದ ರಿಜಿಸ್ಟರ್‌ಗೆ ಹೋಗುತ್ತದೆ. 134 ಕೊಟ್ಟರೆ ಎ ಹೇಳಿದ ರಿಜಿಸ್ಟರ್ ಹೊರಹೋಗುವ ವೈ ಪಿನ್‌ಗಳಲ್ಲಿ ಕಾಣುತ್ತದೆ. ಬೈಪೋಲಾರ್ ಚಿಪ್ ಆದ್ದರಿಂದ ಕ್ಲಾಕ್ ಎಷ್ಟು ಹೊತ್ತು ನಿಲ್ಲಿಸಿದರೂ ಬೆಲೆ ಮರೆಯುವುದಿಲ್ಲ. ಸ್ವಿಚ್ ಒತ್ತಿ ಒತ್ತಿ ನೋಡಬಹುದು, ಸ್ವಿಚ್‌ಗೆ ಡಿಬೌನ್ಸ್ (ಒಂದೇ ಒತ್ತು ಹಲವು ಸಲ ಎಣಿಕೆಯಾಗದಂತೆ ತಡೆಯುವ ಸರ್ಕಿಟ್) ಮಾತ್ರ ಇರಲಿ.

ತುಂಗಾತೀರ

ಏಳೂ ಪ್ರೋಮ್ ಓದಿದೆ ಸರ್. ಎರಡು ಸಲದ್ದೂ ಒಂದೇ ಬಂತು. ಫೈಲ್‌ಗಳನ್ನು ಇಲ್ಲಿ ಹಾಕಿದ್ದೇನೆ, ಯಾರು ಬೇಕಾದರೂ ಇಳಿಸಿಕೊಳ್ಳಿ. ಮೂರನೇ ನಂಬರಿನ ಪ್ರೋಮ್‌ನ ಮೇಲಿನ ನಾಲ್ಕು ಬಿಟ್‌ಗಳಲ್ಲಿ 1110 ತುಂಬಿಕೊಂಡಿದೆ, ನೀವು ಹೇಳಿದ ಹಾಗೇ!

2901ರ ಬಿಟ್‌ಗಳನ್ನೂ ಹಿಡಿದೆ. ಒಂದು ಸಾಲಿನಲ್ಲಿ 401 ಇದೆ, ಅದೇ ಸಾಲಿನಲ್ಲಿ 2910ಕ್ಕೆ 9, ಜಿಗಿಯುವ ವಿಳಾಸ ಆ ಸಾಲಿನದ್ದೇ. ಅದರ ಹಿಂದಿನ ಸಾಲಿನಲ್ಲಿ 2910ಕ್ಕೆ 12, ವಿಳಾಸದ ಜಾಗದಲ್ಲಿ 15. ಇದು ಗುಣಾಕಾರವೇ ಅಲ್ವಾ ಸರ್?

ಹಳೆಯಂತ್ರ

ಹೌದು, ಗುಣಾಕಾರವೇ. ಹಿಂದಿನ ಸಾಲಿನ 12 ಅಂದರೆ ಕೌಂಟರ್‌ಗೆ ಬೆಲೆ ತುಂಬು. ಬಹಳ ಸಂತೋಷವಾಯಿತು ನನಗೆ. ಯಾರೋ ಕೂತು ಬರೆದ ಸಾಲು ಅದು.

ಈಗ ಎಲ್ಲಕ್ಕಿಂತ ಮೇಲಿನ ಬಿಟ್‌ಗಳ ಸ್ಲೈಸ್ ಯಾವುದು ಅಂತ ಹುಡುಕಿ, ಅದರ ರ‍್ಯಾಮ್3 ಪಿನ್ (ಬಲಕ್ಕೆ ಸರಿಯುವಾಗ ಮೇಲ್ತುದಿಗೆ ಬಿಟ್ ಬರುವ ದಾರಿ) ಎಲ್ಲಿಗೆ ಹೋಗಿದೆ ನೋಡಿ. ಅಲ್ಲಿ ಒಂದು ಮಲ್ಟಿಪ್ಲೆಕ್ಸರ್ (ಹಲವು ಸಂಕೇತಗಳಲ್ಲಿ ಒಂದನ್ನು ಆರಿಸುವ ಚಿಪ್) ಇರಬಹುದು. ಅದರೊಳಗೆ ಕ್ಯಾರಿ ಔಟ್ ಬಂದಿದ್ದರೆ ಚಿಹ್ನೆ ಇಲ್ಲದ ಸಂಖ್ಯೆಗಳ ಗುಣಾಕಾರ. ಎಫ್3 (ಉತ್ತರದ ಚಿಹ್ನೆಯ ಬಿಟ್) ಮತ್ತು ಓವರ್‌ಫ್ಲೋ ಎರಡನ್ನೂ ಎಕ್ಸ್‌ಕ್ಲೂಸಿವ್ ಆರ್ ಗೇಟ್‌ಗೆ ಕೊಟ್ಟು ತಂದಿದ್ದರೆ ಋಣ ಸಂಖ್ಯೆಗಳಿಗೂ ಮಾಡಿದ್ದು. ಆಗ ಕೊನೆಯ ಹೆಜ್ಜೆ ಕೂಡೋದರ ಬದಲು ಕಳೆಯಬೇಕು, ಹಾಗಾಗಿ ಕೌಂಟರ್‌ಗೆ 15ರ ಬದಲು 14 ತುಂಬಿ ಕೊನೆಯದನ್ನು ಬೇರೆ ಸಾಲಿನಲ್ಲಿ ಬರೆಯುತ್ತಾರೆ. ನಿಮ್ಮಲ್ಲಿ 15 ಇದೆ, ಆದ್ದರಿಂದ ಕ್ಯಾರಿ ಔಟ್ ಸಿಗುತ್ತದೆ ಅಂದುಕೊಂಡಿದ್ದೇನೆ. ಮುಂದಿನ ಹತ್ತು ಸಾಲುಗಳನ್ನು ಆಕ್ಟಲ್‌ನಲ್ಲಿ ಇಲ್ಲೇ ಹಾಕಿ, ಒಟ್ಟಿಗೆ ಓದೋಣ.